16 ನಂಬರ್ ಪಾನಾ: ಬೈಕಿನ ಪ್ಲಗ್ ಬಿಚ್ಚುವ ಮುನ್ನ

ಪ್ರಶ್ನೆ: ನಮ್ಮದು ಮುಧೋಳ ತಾಲೂಕಿನ ಒಂದು ಹಳ್ಳಿ. ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಇದೆ. ಕೊಳ್ಳುವಾಗಲೇ ಟೂಲ್ ಕಿಟ್ ಇರಲಿಲ್ಲ. ಈಚೆಗೆ ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು, ಓಡುವಾಗ ಮಿಸ್ಸಿಂಗ್, ನಡುನಡುವೆ ಇಂಜಿನ್ ತಡವರಿಸುತ್ತದೆ. ಇಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಿಸೋಣ ಎಂದು ಟ್ರ್ಯಾಕ್ಟರ್ ಪೆಟ್ಟಿಗೆಯಲ್ಲಿದ್ದ 17 ನಂಬರ್ ಬಾಕ್ಸ್ ಪಾನಾ ಹಾಕಿದೆ. ಜಾರಿತು. ಪೇಟೆಯಲ್ಲಿ ಕೇಳಿದಾಗ ಒಬ್ಬರು ‘ಪ್ಲಗ್ ಪಾನಾ ಎಲ್ಲ ಗಾಡಿಗೂ ಒಂದೇ’ ಎಂದು ದೊಡ್ಡದೊಂದು ಕೊಟ್ಟರು. ಅದು ಸುಮ್ನೆ ಸುತ್ತುತ್ತದೆ. ಇನ್ನೊಂದು ಅಂಗಡಿಯವರು ‘ನಿಮ್ಮದು 10 ನಂಬರ್ ಪ್ಲಗ್’ ಎಂದರು. ಮನೆಯಲ್ಲಿ ಅಪ್ಪನ ಹಳೆ ಆರ್‌ಎಕ್ಸ್ 100 ಕೂಡ ಇದೆ. ಎರಡಕ್ಕೂ ಒಂದೇ ಪಾನಾ ನಡೆಯುತ್ತಾ ಸರ್? ಯಾವುದು ಕೊಳ್ಳಲಿ? ನಾನೇ ಬಿಚ್ಚಬಹುದಾ, ಇಲ್ಲ ಮೆಕ್ಯಾನಿಕ್ ಹತ್ತಿರವೇ ಹೋಗಬೇಕಾ?

ಉತ್ತರ: ಮೊದಲ ಮಾತು, ಆ 17ರ ಪಾನಾವನ್ನು ಇನ್ನೊಮ್ಮೆ ಹಾಕಬೇಡಿ. ನಿಮ್ಮ ಸ್ಪ್ಲೆಂಡರ್‌ಗೆ ಬೇಕಿರುವುದು 16 ನಂಬರ್. ಅಪ್ಪನ ಆರ್‌ಎಕ್ಸ್‌ಗೆ ಬೇಕಿರುವುದು 21. ಪೇಟೆಯವರು ಕೊಟ್ಟ ದೊಡ್ಡ ಪಾನಾ ಬಹುತೇಕ 21ರದ್ದೇ ಇರಬೇಕು. ಅದನ್ನು ವಾಪಸ್ ಕೊಡಬೇಡಿ, ಆರ್‌ಎಕ್ಸ್‌ಗೆ ಬರೋಬ್ಬರಿ ಕೂರುತ್ತದೆ. ‘ಎಲ್ಲ ಗಾಡಿಗೂ ಒಂದೇ’ ಎಂಬ ಮಾತು ಮಾತ್ರ ತಪ್ಪು. ಪಾನಾ ಆರಿಸುವುದು ಗಾಡಿಯ ಹೆಸರು ನೋಡಿ ಅಲ್ಲ. ಪ್ಲಗ್ಗಿನ ಆರು ಮೂಲೆಯ ಭಾಗ ಎಷ್ಟು ಅಗಲ, ಅದರ ಸುತ್ತ ಹೆಡ್‌ನಲ್ಲಿ (ಇಂಜಿನ್ನಿನ ಮೇಲಿನ ಭಾಗ) ಎಷ್ಟು ಜಾಗ, ಈ ಎರಡನ್ನು ನೋಡಿ.

‘10 ನಂಬರ್ ಪ್ಲಗ್’ ಎಂದವರೂ ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ಥ್ರೆಡ್‌ನ ಅಳತೆ. ಪ್ಲಗ್ಗಿನ ಕೆಳಗೆ ಹೆಡ್‌ನೊಳಗೆ ತಿರುಗಿ ಹೋಗುವ ಭಾಗ ಇದೆಯಲ್ಲ, ಅದರ ದಪ್ಪ 10 ಎಂ.ಎಂ. ಪಾನಾ ಹಿಡಿಯುವುದು ಅದನ್ನಲ್ಲ, ಅದರ ಮೇಲಿನ ಆರು ಮೂಲೆಯ ಭಾಗವನ್ನು. ನಿಮ್ಮ ಪ್ಲಗ್‌ನಲ್ಲಿ ಅದು 16 ಎಂ.ಎಂ. ಹೀಗಾಗಿ ‘10 ನಂಬರ್ ಪ್ಲಗ್ಗಿಗೆ 16 ನಂಬರ್ ಪಾನಾ’. ಈ ಎರಡು ಅಳತೆ ಕಲಸುಮೇಲೋಗರ ಆಗುವುದರಿಂದಲೇ ಎಷ್ಟೋ ಜನ ತಪ್ಪು ಪಾನಾ ಹಿಡಿದುಕೊಂಡು ಮನೆಗೆ ಬರುತ್ತಾರೆ.

ಈಗ 17 ಯಾಕೆ ಜಾರಿತು ನೋಡಿ. 16 ಎಂ.ಎಂ. ಎಂದರೆ ಎದುರುಬದುರು ಇರುವ ಎರಡು ಚಪ್ಪಟೆ ಬದಿಗಳ ನಡುವಿನ ಅಂತರ. ಅದೇ ಪ್ಲಗ್ಗನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 18.5 ಎಂ.ಎಂ. ಬರುತ್ತದೆ. 16ರ ಪಾನಾ ಕೂತರೆ ಚಪ್ಪಟೆ ಬದಿ ಚಪ್ಪಟೆ ಬದಿಗೆ ತಾಗುತ್ತದೆ, ಬಲ ಹಂಚಿಹೋಗುತ್ತದೆ. 17ರ ಪಾನಾ ಹಾಕಿದರೆ ಅದು ಮೊದಲು ಸ್ವಲ್ಪ ತಿರುಗಿ, ಆಮೇಲೆ ಬರೀ ಮೂಲೆಗಳ ತುದಿಯನ್ನು ಹಿಡಿಯುತ್ತದೆ. ನೀವು ಹಾಕಿದ ಬಲವೆಲ್ಲ ಆ ಆರು ತುದಿಗಳ ಮೇಲೆ. ಪ್ಲಗ್ಗಿನ ಲೋಹ ಅಷ್ಟೇನೂ ಗಟ್ಟಿಯಲ್ಲ, ತುದಿ ಮಡಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ನೋಡಿ: ಮಾಸಿದ ಪ್ಲಗ್ಗಿನ ಮೂಲೆಗಳಲ್ಲಿ ಬೆಳ್ಳಗೆ ಹೊಳೆಯುವ ಗೆರೆ ಕಾಣಿಸುತ್ತದೆ. ಅದೇ 17 ಬಿಟ್ಟುಹೋದ ಗುರುತು. ಇನ್ನು 21ರ ಕಥೆ ಸರಳ. ಅದರ ಬಾಯಿ ಈ 18.5ಕ್ಕಿಂತ ದೊಡ್ಡದು. ಎಲ್ಲೂ ತಾಗುವುದೇ ಇಲ್ಲ, ಅದಕ್ಕೇ ಸುಮ್ನೆ ಸುತ್ತುತ್ತದೆ. ನಿಜ ಹೇಳಬೇಕೆಂದರೆ 21 ಹಾಕಿದ್ದರಿಂದ ಏನೂ ಹಾಳಾಗಿಲ್ಲ. ಹಾಳು ಮಾಡುವುದು ಹತ್ತಿರ ಹತ್ತಿರದ ಅಳತೆ.

ಟ್ರ್ಯಾಕ್ಟರ್ ಪೆಟ್ಟಿಗೆಯಲ್ಲಿ 16 ಇಲ್ಲದ್ದು ಆಶ್ಚರ್ಯವಲ್ಲ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ನಟ್ ಬೋಲ್ಟ್‌ಗೆ ಬೇಕಾಗುವುದು 13, 17, 19. ಮನೆಯಲ್ಲಿರುವ ಡಬಲ್ ಪಾನಾ ಸೆಟ್‌ನಲ್ಲಿ 16-17 ಎಂದು ಒಂದು ಇರಬಹುದು. ಅದರ 16ರ ಬಾಯಿ ಅಳತೆ ಸರಿಯಾದರೂ ಇಲ್ಲಿ ಬೇಡ. ತೆರೆದ ಬಾಯಿಯ ಪಾನಾ ಎರಡೇ ಬದಿ ಹಿಡಿಯುತ್ತದೆ. ಫಿನ್‌ಗಳ (ಇಂಜಿನ್ ತಂಪಾಗಲು ಇರುವ ಲೋಹದ ರೆಕ್ಕೆಗಳು) ಸಂದಿಯಲ್ಲಿ ಅದು ನೇರವಾಗಿ ಕೂರುವುದೂ ಇಲ್ಲ. ಓರೆಯಾಗಿ ಜಾರಿದರೆ ಬಿಳಿ ಪಿಂಗಾಣಿಗೆ ಪೆಟ್ಟು ಬೀಳುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಕರೆಂಟ್ ಕೆಳಗೆ ಇಳಿಯುವ ಬದಲು ಬಿರುಕಿನಲ್ಲೇ ಹೆಡ್‌ಗೆ ಹಾರುತ್ತದೆ. ಆಮೇಲೆ ಮಿಸ್ಸಿಂಗ್ ಇನ್ನೂ ಜಾಸ್ತಿ. ಇಕ್ಕಳ, ಪೈಪ್ ರೆಂಚ್ ಅಂತೂ ಹತ್ತಿರವೂ ತರಬೇಡಿ.

ಪಾನಾ ನಂಬರ್ ತಿಳಿಯಲು ಪ್ಲಗ್ ಮೇಲೆ ಬರೆದ ಅಕ್ಷರಗಳೇ ದಾರಿ. ಎನ್‌ಜಿಕೆ ಕಂಪನಿಯ ಪ್ಲಗ್ ಆದರೆ ಮೊದಲ ಅಕ್ಷರ ನೋಡಿ. ‘ಸಿ’ ಇದ್ದರೆ 10 ಎಂ.ಎಂ. ಥ್ರೆಡ್, 16ರ ಪಾನಾ. ‘ಡಿ’ ಇದ್ದರೆ 12 ಎಂ.ಎಂ. ಥ್ರೆಡ್, 18ರ ಪಾನಾ. ‘ಬಿ’ ಇದ್ದರೆ 14 ಎಂ.ಎಂ. ಥ್ರೆಡ್. ಅದರ ಆರು ಮೂಲೆ 20.8 ಎಂ.ಎಂ., ಪೇಟೆಯಲ್ಲಿ ಅದಕ್ಕೆ 21 ನಂಬರ್ ಎನ್ನುತ್ತಾರೆ. ಎರಡನೆಯ ಅಕ್ಷರದ ಮೇಲೂ ಒಂದು ಕಣ್ಣಿರಲಿ. ‘ಬಿಕೆ’ ಅಥವಾ ‘ಬಿಸಿ’ ಎಂದಿದ್ದರೆ ಥ್ರೆಡ್ 14 ಆದರೂ ಪಾನಾ 16. ‘ಡಿಸಿ’ ಎಂದಿದ್ದರೂ ಪಾನಾ 16. ಬಾಷ್ ಪ್ಲಗ್‌ನಲ್ಲಿ ‘ಯು’ ಎಂದರೆ 10 ಎಂ.ಎಂ. ಥ್ರೆಡ್ಡಿನ 16, ‘ಡಬ್ಲ್ಯೂ’ ಎಂದರೆ 14 ಎಂ.ಎಂ. ಥ್ರೆಡ್ಡಿನ 21. ನಮ್ಮ ಕಡೆ ಹಳಬರು ಈಗಲೂ ‘ಮೈಕೋ ಪ್ಲಗ್ ಕೊಡ್ರಿ’ ಎಂದೇ ಕೇಳುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾಯಿತು. ಹಳೆ ಸ್ಟಾಕಿನ ಮೈಕೋ ಪ್ಲಗ್ ಕೈಗೆ ಬಂದರೆ ಇದೇ ಅಕ್ಷರದ ಲೆಕ್ಕ ಹಿಡಿಯಿರಿ. ಬಜಾಜ್ ಗಾಡಿಗಳಲ್ಲಿ ಬರುವ ಚಾಂಪಿಯನ್ ಪ್ಲಗ್ಗಿನ ಅಕ್ಷರಗಳು ಬೇರೆ ಥರ. ಅಲ್ಲಿ ಅಕ್ಷರ ಓದುವುದಕ್ಕಿಂತ ವರ್ನಿಯರ್‌ನಲ್ಲಿ ಅಳೆಯುವುದೇ ಸುಲಭ.

ಒಟ್ಟಿನಲ್ಲಿ ನಮ್ಮ ರಸ್ತೆಗಳಲ್ಲಿ ಜಾಸ್ತಿ ಕಾಣುವ 100-125 ಸಿಸಿ ಫೋರ್ ಸ್ಟ್ರೋಕ್ ಗಾಡಿಗಳಿಗೆ 16. ಆಕ್ಟಿವಾಗೂ ಅದೇ. ಪಲ್ಸರ್ 150ಕ್ಕೂ ಅದೇ, ಆದರೆ ಅದರಲ್ಲಿ ಪ್ಲಗ್ ಎರಡು. 200 ಎನ್‌ಎಸ್‌ನಲ್ಲಿ ಮೂರು. ಆರ್‌ಎಕ್ಸ್ 100, ಯೆಜ್ಡಿ, ಹಳೆ ಚೇತಕ್, ಎರಕದ ಇಂಜಿನ್ನಿನ ಹಳೆ ಬುಲೆಟ್, ಇವಕ್ಕೆಲ್ಲ 21. ಕೆಟಿಎಂ 390ರಂಥ ಗಾಡಿಗಳಲ್ಲಿ 14ರ ಪಾನಾ ಬೇಕಾಗುತ್ತದೆ, ಪ್ಲಗ್ ಇರುವ ಗುಂಡಿಯೂ ಆಳ. ಅಂಥವನ್ನು ಮನೆಯಲ್ಲಿ ಮುಟ್ಟುವ ಮೊದಲು ಗಾಡಿಯ ಕೈಪಿಡಿ ತೆರೆದು ನೋಡಲೇಬೇಕು.

ಅಂಗಡಿಗೆ ಹೋಗುವ ಕ್ರಮ ಹೇಳುತ್ತೇನೆ. ಈ ಉತ್ತರದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೊದಲು ಪ್ಲಗ್ ಕೊಳ್ಳಿ, ಆಮೇಲೆ ಪಾನಾ. ಹೇಗೂ ಹೊಸ ಪ್ಲಗ್ ಬೇಕೇ ಬೇಕಲ್ವಾ? ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಟೂಲ್ಸ್ ಅಂಗಡಿಗೆ ಹೋಗಿ. ದುಡ್ಡು ಕೊಡುವ ಮುಂಚೆ ಪಾನಾವನ್ನು ಆ ಪ್ಲಗ್ ಮೇಲೆ ಹಾಕಿ ನೋಡಿ. ಸಲೀಸಾಗಿ ಒಳಗೆ ಹೋಗಬೇಕು. ಆದರೆ ಆಚೆ ಈಚೆ ಅಲ್ಲಾಡಿಸಿದರೆ ಆಟ ಬಹಳ ಇರಬಾರದು. ಕೆಳಗಿನ ತನಕ ಕೂತಿದೆಯೇ, ಇಲ್ಲ ಪಿಂಗಾಣಿಯ ತುದಿಗೆ ತಾಗಿ ಅರ್ಧದಲ್ಲೇ ನಿಂತಿದೆಯೇ ನೋಡಿ. ಗಿಡ್ಡ ಸಾಕೆಟ್‌ಗಳದ್ದು ಇದೇ ತೊಂದರೆ. ಆರು ಮೂಲೆಯ ಮೇಲಂಚನ್ನು ಮಾತ್ರ ಕಚ್ಚಿ ನಿಲ್ಲುತ್ತವೆ, ಬಲ ಹಾಕಿದೊಡನೆ ಚಿಮ್ಮಿ ಹೊರಬರುತ್ತವೆ. ಮುಧೋಳದಲ್ಲಿ ಸಿಗದಿದ್ದರೆ ಬಾಗಲಕೋಟೆಗೋ ಬೆಳಗಾವಿಗೋ ಬರುವಾಗ ಪ್ಲಗ್ ಜೊತೆಯಲ್ಲೇ ಇರಲಿ. ಸಾಧ್ಯವಾದರೆ ಗಾಡಿಯಲ್ಲೇ ಹೋಗಿ. ಪ್ಲಗ್ ಮೇಲೆ ಚೆನ್ನಾಗಿ ಕೂತ ಪಾನಾ ಇಂಜಿನ್ನಿನ ಸಂದಿಗೆ ಹೋಗದೇ ಇರಬಹುದು. ಅದು ಅಂಗಡಿಯ ಮುಂದೆಯೇ ತಿಳಿದುಬಿಡಲಿ.

ಪಾನಾದಲ್ಲಿ ಮೂರು ಥರ ಸಿಗುತ್ತವೆ. ಕಂಪನಿ ಟೂಲ್ ಕಿಟ್‌ನಲ್ಲಿ ಕೊಡುವುದು ಕೊಳವೆಯಂಥ ಬಾಕ್ಸ್ ಪಾನಾ. ಮೇಲೆ ತೂತು ಇರುತ್ತದೆ, ಅದರಲ್ಲಿ ಟಾಮಿ ಬಾರ್ ತೂರಿಸಿ ತಿರುಗಿಸುವುದು. ನೋಡಲು ಬಡಕಲು. ಆದರೆ ನನ್ನ ಅಭಿಪ್ರಾಯದಲ್ಲಿ ಸ್ಪ್ಲೆಂಡರ್‌ನಂಥ ಗಾಡಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಇದರ ಗೋಡೆ ತೆಳ್ಳಗಿರುವುದರಿಂದ ಫಿನ್‌ಗಳ ನಡುವೆ ಸಲೀಸಾಗಿ ಇಳಿಯುತ್ತದೆ. ಟಾಮಿ ಬಾರ್ ಗಿಡ್ಡ ಇರುವುದರಿಂದ ಬಲ ಅಳತೆ ಮೀರುವುದಿಲ್ಲ. ಅಂಗಡಿಯಲ್ಲಿ ಒಂದು ತುದಿ 16, ಇನ್ನೊಂದು ತುದಿ 21 ಇರುವ ಕೊಳವೆಯೂ ಸಿಗುತ್ತದೆ. ನಿಮ್ಮ ‘ಎರಡಕ್ಕೂ ಒಂದೇ’ ಎಂಬ ಪ್ರಶ್ನೆಗೆ ಉತ್ತರ ಅದೇ. ಒಂದೇ ಎಚ್ಚರ: ಅಗ್ಗದ ಕೊಳವೆಯ ಬಾಯಿ ನಾಲ್ಕು ಸಲ ಬಳಸುವಷ್ಟರಲ್ಲಿ ಅಗಲವಾಗುತ್ತದೆ. ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಆರು ಮೂಲೆಗಳೂ ಚೂಪಾಗಿ, ಒಂದೇ ಸಮ ಇರಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಂಡರೆ ಬಿಡಿ.

ಎರಡನೆಯದು ಟಿ ಪಾನಾ. ಗ್ಯಾರೇಜ್ ಹುಡುಗರಿಗೆ ಇದೇ ಇಷ್ಟ. ಎರಡೂ ಕೈಯಲ್ಲಿ ಹಿಡಿದರೆ ಒತ್ತಡ ನೇರ ಬೀಳುತ್ತದೆ, ಪಾನಾ ಓರೆಯಾಗುವುದಿಲ್ಲ. ಟ್ಯಾಂಕ್ ಅಡ್ಡ ಬರದ ಗಾಡಿಗಳಿಗೆ ಇದು ಚಲೋ. ಮೂರನೆಯದು ರಾಚೆಟ್‌ಗೆ (ಕಟಕಟ ಎಂದು ಒಂದೇ ದಿಕ್ಕಿಗೆ ತಿರುಗಿಸುವ ಹಿಡಿಕೆ) ಹಾಕುವ ಉದ್ದ ಸಾಕೆಟ್. ಇದನ್ನು ಕೊಳ್ಳುವಾಗ ಹೊರಗಿನ ದಪ್ಪ ನೋಡಬೇಕು. ಅರ್ಧ ಇಂಚಿನ ಸೆಟ್‌ನ (ರಾಚೆಟ್ ಸೇರುವ ಚೌಕ ತೂತಿನ ಅಳತೆ ಇದು) 16ರ ಸಾಕೆಟ್ ಕೆಲವು ಗಾಡಿಗಳ ಗುಂಡಿಗೆ ಇಳಿಯುವುದೇ ಇಲ್ಲ, ಗೋಡೆ ಅಷ್ಟು ದಪ್ಪ. ಮುಕ್ಕಾಲು ಪಾಲು ಬೈಕ್‌ಗಳಿಗೆ 3/8 ಇಂಚಿನ ತೆಳು ಗೋಡೆಯ ಪ್ಲಗ್ ಸಾಕೆಟ್ ಸಾಕು. ಅದರ ಮೇಲೆ 16 ಎಂದೋ 5/8 ಎಂದೋ ಬರೆದಿರುತ್ತದೆ, ಎರಡೂ ಒಂದೇ ಪ್ಲಗ್ಗಿಗೆ ಆಗುತ್ತವೆ. ಹಾಗೆಯೇ 13/16 ಎಂದಿದ್ದರೆ ಅದು 21ರ ಪ್ಲಗ್ಗಿನದು. ಒಳಗೆ ಆರು ಮೂಲೆ ಇರುವುದನ್ನೇ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ಮೂಲೆಗಳ ತುದಿಯನ್ನಷ್ಟೇ ಹಿಡಿಯುತ್ತದೆ, ಅದೂ ನಿಮ್ಮ ಪ್ಲಗ್‌ನಲ್ಲಿ ಮೂಲೆಗಳು ಈಗಾಗಲೇ ಸವೆದಿವೆ.

ಸಾಕೆಟ್ ಒಳಗೆ ಕಪ್ಪು ರಬ್ಬರ್ ಬಳೆ ಇರುತ್ತದೆ. ಅದು ಅಲಂಕಾರಕ್ಕಲ್ಲ. ಬಿಚ್ಚಿದ ಪ್ಲಗ್ಗನ್ನು ಹಿಡಿದು ಮೇಲೆ ತರುವುದು ಅದೇ, ಪಿಂಗಾಣಿ ಲೋಹಕ್ಕೆ ಬಡಿಯದಂತೆ ತಡೆಯುವುದೂ ಅದೇ. ಆಳ ಗುಂಡಿಯ ಗಾಡಿಗಳಲ್ಲಿ ರಬ್ಬರ್ ಪ್ಲಗ್ಗನ್ನು ಎಷ್ಟು ಬಿಗಿ ಹಿಡಿಯುತ್ತದೆ ಎಂದರೆ, ಎಕ್ಸ್‌ಟೆನ್ಷನ್ ಎಳೆದಾಗ ಸಾಕೆಟ್ ಕೆಳಗೇ ಉಳಿದು ರಾಡ್ ಮಾತ್ರ ಕೈಗೆ ಬರುತ್ತದೆ. ಸಾಕೆಟ್ ಮತ್ತು ರಾಡ್ ಸೇರುವ ಜಾಗಕ್ಕೆ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿದರೆ ಆ ರಗಳೆ ಇಲ್ಲ.

ಬಲದ ವಿಷಯ ಬಿಡಿಸಿ ಹೇಳಬೇಕು. ಯಾಕೆಂದರೆ ಹೆಡ್‌ಗಳು ಹಾಳಾಗುವುದು ಇಲ್ಲಿಯೇ. 10 ಎಂ.ಎಂ. ಥ್ರೆಡ್ಡಿನ ಪ್ಲಗ್ಗಿಗೆ ಬೇಕಾದ ಬಿಗಿ 10ರಿಂದ 12 ನ್ಯೂಟನ್ ಮೀಟರ್. 12 ಎಂ.ಎಂ.ಗೆ 15ರಿಂದ 20. 14 ಎಂ.ಎಂ.ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30. ಕೈ ಲೆಕ್ಕದಲ್ಲಿ ಹೇಳುವುದಾದರೆ, 15 ಸೆಂ.ಮೀ. ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 8 ಕಿಲೋ ಎಳೆತ ಬಿದ್ದರೆ 12 ನ್ಯೂಟನ್ ಮೀಟರ್ ಆಯಿತು. ಅದೇ ಒಂದು ಫೂಟಿನ ರಾಚೆಟ್ ಹಿಡಿದರೆ 4 ಕಿಲೋ ಸಾಕು. ತೋಳಿಗೆ 4 ಕಿಲೋ ಎಂದರೆ ಏನೂ ಅಲ್ಲ, ಹಾಕಿದ್ದೇ ಗೊತ್ತಾಗುವುದಿಲ್ಲ. ಕಬ್ಬಿನ ಟ್ರೈಲರ್ ನಟ್ ಬಿಗಿ ಮಾಡಿ ರೂಢಿಯಾದ ಕೈ ಉದ್ದ ಹಿಡಿಕೆ ಹಿಡಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರಲು ಎಷ್ಟು ಹೊತ್ತು? ಅದಕ್ಕೇ ಗಿಡ್ಡ ಹಿಡಿಕೆ ಹಿಡಿಯಿರಿ ಎನ್ನುವುದು.

ಇನ್ನು ಬಿಚ್ಚುವ ಕೆಲಸ. ಸವೆದ ಮೂಲೆಯ ನಿಮ್ಮ ಪ್ಲಗ್ಗನ್ನೂ ಸೇರಿಸಿ ಹೇಳುತ್ತೇನೆ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಬಿಸಿ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಪ್ಲಗ್ ಜೊತೆ ಥ್ರೆಡ್ಡನ್ನೂ ಕಿತ್ತು ತರುತ್ತದೆ. ಚಾವಿ ಆಫ್ ಇರಲಿ. ಕ್ಯಾಪ್ ತೆಗೆಯುವಾಗ ವಾಯರ್ ಹಿಡಿದು ಎಳೆಯಬೇಡಿ. ಕ್ಯಾಪನ್ನೇ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ, ಆಮೇಲೆ ನೇರ ಎಳೆಯಿರಿ. ತೆಗೆದ ಕ್ಯಾಪಿನ ಒಳಗೂ ಇಣುಕಿ ನೋಡಿ. ಹಸಿರು ಕಿಲುಬು ಕಟ್ಟಿದ್ದರೆ, ರಬ್ಬರ್ ಸೀಳಿದ್ದರೆ, ನಿಮ್ಮ ಮಿಸ್ಸಿಂಗ್‌ಗೆ ಅದೇ ಕಾರಣ ಇರಬಹುದು. ಅಂಥಾಗ ಬರೀ ಪ್ಲಗ್ ಬದಲಿಸಿದರೆ ಗುಣ ಕಾಣುವುದಿಲ್ಲ.

ಆಮೇಲೆ ಧೂಳು. ನಿಮ್ಮ ಕಡೆ ಇದು ಸಣ್ಣ ಮಾತಲ್ಲ. ಒಂದು ಕಡೆ ಎರೆಮಣ್ಣು, ಇನ್ನೊಂದು ಕಡೆ ಸುಣ್ಣದಕಲ್ಲಿನ ಪುಡಿ, ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಹೋದರೆ ಮುಗಿಯಿತು. ಅದೆಲ್ಲ ಪ್ಲಗ್ಗಿನ ಬುಡದಲ್ಲಿ ಎಣ್ಣೆ ಪಸೆಯೊಂದಿಗೆ ಗಟ್ಟಿಯಾಗಿ ಕೂತಿರುತ್ತದೆ. ಹಾಗೇ ಪ್ಲಗ್ ಬಿಚ್ಚಿದರೆ ನೇರವಾಗಿ ಪಿಸ್ಟನ್ ಮೇಲೆ ಬೀಳುತ್ತದೆ. ಕಲ್ಲಿನ ಪುಡಿ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಮೊದಲು ಹಳೆ ಟೂತ್ ಬ್ರಷ್‌ನಿಂದ ಬುಡ ಕೆದಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಕ್ಕರೆ ಇನ್ನೂ ಚಲೋ, ಕಣ್ಣು ಮಾತ್ರ ಆ ಕಡೆ ತಿರುಗಿಸಿ. ಪ್ಲಗ್ಗನ್ನು ಕಾಲು ಸುತ್ತು ಸಡಿಲಿಸಿ ಇನ್ನೊಮ್ಮೆ ಗಾಳಿ ಹೊಡೆಯುವುದು ನಾನು ಎಲ್ಲರಿಗೂ ಹೇಳುವ ಕ್ರಮ. ಸಡಿಲಾದಾಗ ವಾಷರ್ ಕೆಳಗಿನ ಧೂಳೂ ಬಿಡುತ್ತದೆ. ಕೆಲವು ಹೆಡ್‌ಗಳಲ್ಲಿ ಪ್ಲಗ್ ಗುಂಡಿಯಿಂದ ಹೊರಗೆ ಸಣ್ಣ ತೂತು ಇರುತ್ತದೆ, ಮಳೆನೀರು ಹರಿದುಹೋಗಲು. ಮಣ್ಣು ತುಂಬಿದ್ದರೆ ತಂತಿಯಿಂದ ಬಿಡಿಸಿ. ಅದು ಕಟ್ಟಿಕೊಂಡರೆ ಗುಂಡಿಯಲ್ಲಿ ನೀರು ನಿಂತು ಪ್ಲಗ್ ಬುಡಕ್ಕೆ ತುಕ್ಕು ಹಿಡಿಯುತ್ತದೆ.

ಈಗ 16ರ ಪಾನಾ. ಅದನ್ನು ಹಾಕಿ, ಮೇಲಿನಿಂದ ಅಂಗೈಯಲ್ಲಿ ಒತ್ತಿ, ಕೊನೆಯ ತನಕ ಇಳಿದಿದೆಯೇ ನೋಡಿಕೊಳ್ಳಿ. ಮಡಚಿದ ಮೂಲೆಗಳಿಂದ ಇಳಿಯಲು ಹಠ ಮಾಡಿದರೆ ಮರದ ಇಲ್ಲವೇ ರಬ್ಬರಿನ ಸುತ್ತಿಗೆಯಿಂದ ಮೇಲೆ ಮೆಲ್ಲಗೆ ಎರಡು ತಟ್ಟಿ. ಒಂದು ಕೈ ಪಾನಾದ ಮೇಲ್ಭಾಗವನ್ನು ಪ್ಲಗ್ಗಿನ ಕಡೆ ಒತ್ತಿ ಹಿಡಿದಿರಲಿ, ಇನ್ನೊಂದು ಕೈ ಹಿಡಿಕೆ ತಿರುಗಿಸಲಿ. ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ಉಲ್ಟಾ. ಮೊದಲು ‘ಟಕ್’ ಎಂದು ಬಿಡುತ್ತದೆ. ಆಮೇಲೆ ಬೆರಳಲ್ಲೇ ಸುತ್ತಬೇಕು. ಬಿಟ್ಟ ಮೇಲೂ ಬಿಗಿಯಾಗಿಯೇ ಬರುತ್ತಿದ್ದರೆ ನಿಲ್ಲಿಸಿ. ಥ್ರೆಡ್‌ನಲ್ಲಿ ಕಾರ್ಬನ್ನೋ ತುಕ್ಕೋ ಸಿಕ್ಕಿಕೊಂಡಿದೆ ಎಂದರ್ಥ. ತುಕ್ಕು ಬಿಡಿಸುವ ಸ್ಪ್ರೇ ಬುಡಕ್ಕೆ ಹೊಡೆದು ಒಂದೆರಡು ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ನಂತರ ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಮಾಡಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ಹೊರತನ್ನಿ. ಒಂದೇ ಉಸಿರಿನಲ್ಲಿ ಎಳೆಯಬೇಡಿ.

ಸರಿಯಾದ 16 ಹಾಕಿದರೂ ಜಾರುತ್ತಿದ್ದರೆ? ಆಗ ಮೆಕ್ಯಾನಿಕ್ ಹತ್ತಿರ ಹೋಗಿ. ಇದು ಸೋಲಲ್ಲ. ಪ್ಲಗ್ ಇನ್ನೂ ಪೂರ್ತಿ ಇರುವಾಗ ಹೋದರೆ ಅವರಿಗೆ ಐದು ನಿಮಿಷದ ಕೆಲಸ. ಮೂಲೆ ಪೂರ್ತಿ ಉರುಟಾದ ಮೇಲೆ, ಇಲ್ಲವೇ ಪ್ಲಗ್ ತುಂಡಾದ ಮೇಲೆ ಹೋದರೆ ಹೆಡ್ ಇಳಿಸಬೇಕಾಗಬಹುದು. ಅಕಸ್ಮಾತ್ ಹೆಡ್‌ನ ಥ್ರೆಡ್ಡೇ ಹೋಗಿದ್ದರೂ ಹೆದರಬೇಡಿ, ಹೊಸ ಹೆಡ್ ಬೇಕು ಎಂದು ಯಾರೋ ಹೇಳಿದೊಡನೆ ಒಪ್ಪಬೇಡಿ. ಹಳೆ ಥ್ರೆಡ್ ಕೊರೆದು ಹೆಲಿಕಾಯಿಲ್ (ಥ್ರೆಡ್ ಆಕಾರದ ತಂತಿಯ ಸುರುಳಿ) ಅಥವಾ ಬುಷ್ ಕೂರಿಸಿ ಅದೇ 10 ಎಂ.ಎಂ. ಥ್ರೆಡ್ ಮತ್ತೆ ಮಾಡಬಹುದು. ಬೆಳಗಾವಿಯ ಉದ್ಯಮಬಾಗ ಇರುವುದೇ ಫೌಂಡ್ರಿ, ಲೇತ್ ಕೆಲಸಕ್ಕೆ. ಕೈಪಳಗಿದ ಟರ್ನರ್ ಸಿಕ್ಕರೆ ಇದು ದೊಡ್ಡ ಕೆಲಸವಲ್ಲ. ಹೆಡ್ ಬಿಚ್ಚಿ ಮಾಡಿಸಿ ಅಷ್ಟೇ. ಇಂಜಿನ್ ಮೇಲೆಯೇ ಕೊರೆದರೆ ಲೋಹದ ಚೂರು ಒಳಗೆ ಬೀಳುತ್ತದೆ.

ಬಿಚ್ಚಿದ ಪ್ಲಗ್ಗನ್ನು ಬಿಸಾಡುವ ಮುಂಚೆ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲ ಏರ್ ಫಿಲ್ಟರ್ ಕಟ್ಟಿದೆ. ನಿಮ್ಮ ಧೂಳಿನ ದಾರಿಗೆ ಎರಡನೆಯದೇ ಹೆಚ್ಚು ಸಾಧ್ಯ. ಕಪ್ಪಗೆ ಒದ್ದೆಯಾಗಿ ಎಣ್ಣೆ ಜಿನುಗಿದಂತಿದ್ದರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ, ರಿಂಗ್ ಇಲ್ಲವೇ ವಾಲ್ವ್ ಸೀಲ್ ನೋಡಿಸಬೇಕು. ತೀರಾ ಬೆಳ್ಳಗೆ, ಗುಳ್ಳೆ ಎದ್ದಂತಿದ್ದರೆ ಇಂಜಿನ್ ಬಿಸಿ ಜಾಸ್ತಿ. ಸಾಮಾನ್ಯ ಪ್ಲಗ್ಗನ್ನು 10-12 ಸಾವಿರ ಕಿ.ಮೀ.ಗೆ ಬದಲಿಸಿದರೆ ಸಾಕು.

ಹೊಸ ಪ್ಲಗ್ ಹಳೆಯದರ ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಹೊಂದಬೇಕು. ಹಳೆಯದನ್ನೇ ಯಾರೋ ತಪ್ಪಾಗಿ ಹಾಕಿರಬಹುದು, ಸೆಕೆಂಡ್ ಹ್ಯಾಂಡ್ ಗಾಡಿ ಬೇರೆ. ಹಾಗಾಗಿ ಕೈಪಿಡಿಯಲ್ಲೂ ಒಮ್ಮೆ ತಾಳೆ ನೋಡಿ. ನಡುವೆ ಬರುವ ‘ಆರ್’ ಅಕ್ಷರ ಬಿಟ್ಟುಹೋಗದಿರಲಿ, ಅದು ಒಳಗೆ ರೆಸಿಸ್ಟರ್ ಇದೆ ಎಂಬ ಗುರುತು. ಇಂಜೆಕ್ಷನ್ ಇರುವ ಬಿಎಸ್6 ಗಾಡಿಗಳಿಗೆ ಅದು ಬೇಕೇ ಬೇಕು. ನಡುವಿನ ಅಂಕಿ ಬಿಸಿ ತಡೆಯುವ ಶಕ್ತಿಯದು. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಉಲ್ಟಾ. ಆದ್ದರಿಂದ ಒಂದು ಕಂಪನಿಯ 7ಕ್ಕೆ ಇನ್ನೊಂದು ಕಂಪನಿಯ 7 ಜೋಡಿಯಲ್ಲ. ಅಂಗಡಿಯವರ ಹತ್ತಿರ ಹೋಲಿಕೆಯ ಪಟ್ಟಿ ಇರುತ್ತದೆ, ಕೇಳಿ.

ಪ್ಲಗ್ಗಿನ ತಲೆಯ ಮೇಲೆ ತಿರುಗಿಸಿ ಹಾಕಿದ ಸಣ್ಣ ನಟ್ ಇರುತ್ತದೆ. ಕೆಲವು ಕ್ಯಾಪ್‌ಗಳಿಗೆ ಆ ನಟ್ ಬೇಕು, ಕೆಲವಕ್ಕೆ ಬರೀ ಥ್ರೆಡ್ ಬೇಕು. ಹಳೆ ಪ್ಲಗ್‌ನಲ್ಲಿ ಹೇಗಿತ್ತೋ ಹೊಸದರಲ್ಲೂ ಹಾಗೇ ಮಾಡಿ. ನಟ್ ಬೇಕಾದ ಕಡೆ ಅದು ಸಡಿಲ ಇದ್ದರೆ ಇಕ್ಕಳದಿಂದ ಮೆಲ್ಲಗೆ ಬಿಗಿ ಮಾಡಿ. ಇಷ್ಟು ಸಣ್ಣ ವಸ್ತು ಸಡಿಲಾಗಿಯೇ ಎಷ್ಟೋ ಹೊಸ ಪ್ಲಗ್‌ಗಳು ‘ಡೂಪ್ಲಿಕೇಟ್’ ಎಂಬ ಹೆಸರು ಹೊತ್ತು ಅಂಗಡಿಗೆ ವಾಪಸ್ ಹೋಗುತ್ತವೆ.

ಕೂರಿಸುವಾಗ ಪಾನಾ ದೂರ ಇಡಿ. ಒಂದು ಗೇಣು ಹಳೆ ಪೆಟ್ರೋಲ್ ಪೈಪ್ ತೆಗೆದುಕೊಂಡು ಪ್ಲಗ್ಗಿನ ತಲೆಗೆ ಸಿಕ್ಕಿಸಿ. ಪೈಪ್ ಹಿಡಿದೇ ಪ್ಲಗ್ಗನ್ನು ತೂತಿನಲ್ಲಿಟ್ಟು ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್‌ಗೆ ಥ್ರೆಡ್ ಕೂಡಿದ ಕಡೆ ಸಣ್ಣಗೆ ‘ಕಟ್’ ಎಂದು ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ. ಓರೆಯಾಗಿ ಹತ್ತಿದರೆ ರಬ್ಬರ್ ಪೈಪ್ ತಾನೇ ಜಾರುತ್ತದೆ, ಥ್ರೆಡ್ ಕೆಡುವಷ್ಟು ಬಲ ಅದರಲ್ಲಿಲ್ಲ. ಜಾರಿದರೆ ಹೊರತೆಗೆದು ಮತ್ತೆ ಶುರು ಮಾಡಿ. ಪೂರ್ತಿ ಬೆರಳಿನಿಂದಲೇ ಕೂತ ಮೇಲೆ ಮಾತ್ರ ಪಾನಾ ಹಾಕಿ. ಹೊಸ ಪ್ಲಗ್ಗಿನ ವಾಷರ್ ಇನ್ನೂ ಉಬ್ಬಿರುತ್ತದೆ, ಅದು ಚಪ್ಪಟೆಯಾಗಲು ಅರ್ಧ ಸುತ್ತು ಬೇಕು. ಗಡಿಯಾರದಲ್ಲಿ 12ರಿಂದ 6ಕ್ಕೆ. ಹಳೆ ಪ್ಲಗ್ಗನ್ನೇ ಒರೆಸಿ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆ, 12ರಿಂದ 1ಕ್ಕೆ ಬಂದರೆ ಸಾಕು. ಟಾರ್ಕ್ ರೆಂಚ್ (ಬಿಗಿ ಅಳೆದು ತೋರಿಸುವ ಪಾನಾ) ಇದ್ದವರು ಮೇಲಿನ ಅಂಕಿ ಹಿಡಿಯಲಿ. ಇಲ್ಲದವರಿಗೆ ಈ ಗಡಿಯಾರದ ಲೆಕ್ಕ ನಂಬಿಕಸ್ಥ. ಥ್ರೆಡ್‌ಗೆ ಗ್ರೀಸ್, ಆಯಿಲ್ ಸವರಬೇಡಿ. ಅದರಿಂದ ನುಣ್ಣಗೆ ತಿರುಗಿ, ಕೈಗೆ ಗೊತ್ತಾಗದೆಯೇ ಬಿಗಿ ಜಾಸ್ತಿಯಾಗುತ್ತದೆ.

ಅಪ್ಪನ ಆರ್‌ಎಕ್ಸ್ ಬಗ್ಗೆ ಎರಡು ಮಾತು. ಅದರ ಪ್ಲಗ್ ಹೆಡ್‌ನ ನೆತ್ತಿಯಲ್ಲೇ ಎದ್ದು ಕಾಣುತ್ತದೆ, 21ರ ಕೊಳವೆ ನೇರ ಇಳಿಯುತ್ತದೆ. ಎನ್‌ಜಿಕೆ ಆದರೆ ‘ಬಿ’ಯಿಂದ ಶುರುವಾಗಿ ‘ಎಚ್‌ಎಸ್’ ಎಂದು ಮುಗಿಯುವ ಪ್ಲಗ್ ಅದು. ಆ ‘ಎಚ್’ ಎಂದರೆ ಥ್ರೆಡ್ಡಿನ ಉದ್ದ 12.7 ಎಂ.ಎಂ. ಅಂಗಡಿಯಲ್ಲಿ ‘ಇಎಸ್’ ಕೊಟ್ಟು ‘ಇದೂ ಆಗ್ತದೆ’ ಎಂದರೆ ಬೇಡ ಎನ್ನಿ. ‘ಇ’ ಎಂದರೆ 19 ಎಂ.ಎಂ. ಪಾನಾ ಅದೇ, ಥ್ರೆಡ್ ದಪ್ಪವೂ ಅದೇ. ಆದರೆ ಆರು ಎಂ.ಎಂ. ಜಾಸ್ತಿ ಒಳಗಿಳಿದು ಪಿಸ್ಟನ್‌ಗೆ ಬಡಿಯಬಹುದು. 1996ರಲ್ಲಿ ತಯಾರಿ ನಿಂತ ಗಾಡಿ, ಪಿಸ್ಟನ್ ಹುಡುಕಿಕೊಂಡು ಅಲೆಯುವ ಹಾಗೆ ಆಗಬಾರದು. ಟು ಸ್ಟ್ರೋಕ್ ಆದ್ದರಿಂದ ಅದರ ಪ್ಲಗ್ ಬೇಗ ಎಣ್ಣೆ ಹಿಡಿಯುತ್ತದೆ. ಸ್ಪ್ಲೆಂಡರ್‌ಗಿಂತ ಜಾಸ್ತಿ ಸಲ ಬಿಚ್ಚಿ ಒರೆಸಬೇಕಾಗುತ್ತದೆ. ಹೀಗಾಗಿ 16-21ರ ಕೊಳವೆಗೆ ನಿಮ್ಮ ಮನೆಯಲ್ಲಿ ಕೆಲಸ ಬಹಳ.

ಕೊಂಡ ಮೇಲೆ ಆ ಪಾನಾವನ್ನು ಟ್ರ್ಯಾಕ್ಟರ್ ಪೆಟ್ಟಿಗೆಗೆ ಹಾಕಬೇಡಿ, ಸ್ಪ್ಲೆಂಡರ್‌ನ ಸೈಡ್ ಕವರ್ ಒಳಗೇ ಇಡಿ. ಹಳೆ ಟ್ಯೂಬಿನ ತುಂಡಿನಲ್ಲಿ ಪಾನಾ, ಟಾಮಿ ಬಾರ್, ಆ ಗೇಣು ಪೈಪ್ ಮತ್ತು ಡಬ್ಬಿ ಸಮೇತ ಒಂದು ಹೊಸ ಪ್ಲಗ್ ಸುತ್ತಿಟ್ಟರೆ ಖಡಖಡ ಸದ್ದೂ ಬರುವುದಿಲ್ಲ. ಪ್ಲಗ್ಗಿಗೆ ಡಬ್ಬಿ ಯಾಕೆಂದರೆ, ತುದಿಯ ಕೊಂಡಿ ಎಲ್ಲಾದರೂ ತಾಗಿದರೆ ಕಿಡಿ ಹಾರುವ ಗ್ಯಾಪ್ ಮುಚ್ಚಿಹೋಗುತ್ತದೆ. ಹೊಲದ ದಾರಿಯಲ್ಲಿ ಗಾಡಿ ನಿಂತಾಗ ಗ್ಯಾಪ್ ಅಳೆಯುವ ಗೇಜ್ ಯಾರ ಜೇಬಿನಲ್ಲೂ ಇರುವುದಿಲ್ಲ.